ಕಡಲೆಬೇಳೆಯಷ್ಟು ತೂತು

ಮೊದಲು ಬಂದದ್ದು ವಾಸನೆ:
ಪಾಕ ತಳ ಹಿಡಿದಂಥ ಸಿಹಿ, ತುಸು ಕಮಟು.
ರಾತ್ರಿಪಾಳಿ ಮುಗಿಸಿ ಆಸ್ಪತ್ರೆಯ ಹಿತ್ತಲಲ್ಲಿ
ಕಾರಿನ ಮೂತಿಗೆ ಮೂಗೊಡ್ಡಿ ನಿಂತೆ.
ಬಗ್ಗಿ ನೋಡಿದರೆ ಸಿಮೆಂಟಿನ ಮೇಲೆ ಹಸಿರು ಚುಕ್ಕೆ,
ರಂಗೋಲಿಗೆಂದು ಇಟ್ಟು ಮರೆತಂತೆ, ಒಂದೇ.

ವಯಾಲಾ ಊರಲ್ಲಿ ಹನಿ ಚೆಲ್ಲಿದರೂ ಮನಸ್ಸು ಚುರ್ರೆನ್ನುತ್ತದೆ;
ಮುನ್ನೂರು ಚಿಲ್ಲರೆ ಕಿಲೋಮೀಟರು
ಪೈಪಿನೊಳಗೆ ಮಲಗಿಕೊಂಡೇ ಬರುತ್ತದೆ ಇಲ್ಲಿಗೆ ನದಿ.

ಮನೆಗೆ ಬಂದು ಅಂಗಾತ ಮಲಗಿ, ಬಾಯಲ್ಲಿ ಟಾರ್ಚು ಕಚ್ಚಿ
ಬೆರಳು ತೂರಿಸಿ ತಡವಿದೆ. ವಾಟರ್ ಪಂಪಿನ ಹೊಟ್ಟೆಯಡಿ
ಕಡಲೆಬೇಳೆಯಷ್ಟು ತೂತು. ಅಂಚು ಒದ್ದೆ.
ಧಾರವಾಡದಿಂದ ತಂದ ಎಂ-ಸೀಲ್ ಇತ್ತಲ್ಲ,
ಬಕೆಟ್ಟು, ಮಿಕ್ಸಿ ಜಾರು, ತಾರಸಿಯ ಟ್ಯಾಂಕು,
ನಮ್ಮ ಮನೆಯ ಸಕಲ ಸೋರಿಕೆಗೂ ಅದೊಂದೇ ಮದ್ದು.
ಬಿಳಿಯದನ್ನೂ ಕರಿಯದನ್ನೂ ಕಣಕದಂತೆ ನಾದಿ ತುರುಕಿದೆ.
ಹನಿ ನಿಂತಿತು.
ದುಡ್ಡು ಉಳಿಯಿತೆಂದು ಎರಡು ಲೋಟ ಚಹಾ ಕುಡಿದೆ.

ಮೂರು ವಾರ.
ಆಮೇಲೆ ಸೊಳ್ಳೆಯ ರಾಗ. ರೇಡಿಯೊ ಏರಿಸಿದೆ.
ಅದು ಬೀಸುಕಲ್ಲಾಯಿತು. ಮತ್ತಷ್ಟು ಏರಿಸಿದೆ.

ಪೋರ್ಟ್ ಅಗಸ್ಟಾದ ದಾರಿಯಲ್ಲಿ, ಎರಡೂ ಕಡೆ ಕೆಂಪು ಮಣ್ಣು, ಬೂದಿಬಣ್ಣದ ಪೊದೆ,
ಡಯಲಿನ ಮುಳ್ಳು ಮೇಲೇರತೊಡಗಿತು.
ಹೊರಗೆ ನಲವತ್ತಮೂರು ಡಿಗ್ರಿ. ಏಸಿ ಆರಿಸಿ ಹೀಟರ್ ಹಾಕಿದೆ,
ಎಂಜಿನ್ನಿನ ಕಾವು ಒಂದಿಷ್ಟು ನನಗೇ ಬರಲಿ ಎಂದು.
ಉರಿವ ಒಲೆ ಮಡಿಲಲ್ಲಿಟ್ಟುಕೊಂಡು
ಕಿಟಕಿಯೆಲ್ಲ ಇಳಿಸಿ, ಬೆವರು ಕಣ್ಣಿಗಿಳಿದು,
ತಿರುಗಿ ಊರಿಗೆ, ನಿಂತು ನಿಂತು.

ಪಕ್ಕದ ಮನೆಯ ಯೋಸಿಪ್,
ಹಡಗುಕಟ್ಟೆ ಮುಚ್ಚುವ ತನಕ ಅಲ್ಲಿ ಫಿಟ್ಟರು,
ಉದ್ದನೆಯ ಸ್ಕ್ರೂಡ್ರೈವರಿನ ತುದಿ ಪಂಪಿಗೆ, ಹಿಡಿ ಕಿವಿಗೆ ಇಟ್ಟು
ಕಣ್ಣು ಮುಚ್ಚಿದ. ಆ ಭಂಗಿ ನನಗೆ ಗೊತ್ತು.
ಎಂಜಿನ್ ಆರಿಸಿ ರಾಟೆ ಹಿಡಿದು ಅಲುಗಿಸಿದ:
ಏಳು ವರ್ಷದ ಮಗುವಿನ ಮುಂದಿನ ಹಲ್ಲು.
"ಮೊದಲು ಎಲ್ಲಿ ಸೋರುತ್ತಿತ್ತು?"
"ಗಮನಿಸಲಿಲ್ಲ" ಅಂದೆ.

ಬೆಲ್ಟು ಇಳಿಯಿತು, ಹಸಿರು ನೀರು ಬಕೆಟ್ಟಿಗೆ.
ಬೋಲ್ಟು ಆರು, ಒಂದೊಂದೂ ಒಂದೊಂದು ಉದ್ದ;
ಕಾರ್ನ್‌ಫ್ಲೇಕ್ಸ್ ಡಬ್ಬದ ರಟ್ಟಿನ ಮೇಲೆ ಪಂಪಿನ ಚಿತ್ರ ಬರೆದು
ಯಾವ ತೂತಿನದನ್ನು ಆ ತೂತಿಗೇ ಚುಚ್ಚಿಟ್ಟ.
ಕೊನೆಯದು ಹಟ ಹಿಡಿದಾಗ ಬಲ ಹಾಕಲಿಲ್ಲ.
ಎಣ್ಣೆ ಕುಡಿಸಿ,
"ರಾತ್ರಿಯೆಲ್ಲ ಯೋಚನೆ ಮಾಡಲಿ ಅದು" ಅಂದ.

ಬೆಳಿಗ್ಗೆ ಪಂಪು ಕೈಗೆ ಬಂತು. ಬೋರಲು ಹಾಕಿದ.
ಬೂದು ಬಿರಡೆಯನ್ನು ಉಗುರಿನಿಂದ ಕೆರೆದ.
"ಇದು ಮಾಡಿದವರೇ ಬಿಟ್ಟ ತೂತು.
ಒಳಗಿನ ಸೀಲು ಸೋತರೆ ಇಲ್ಲಿ ಅಳಲಿ ಅಂತ.
ಮುಚ್ಚಿದರೆ ನೀರು ಬೇರಿಂಗಿನ ದಾರಿ ಹಿಡಿಯುತ್ತದೆ,
ಗ್ರೀಸು ತೊಳೆದುಹೋಗುತ್ತದೆ."

ಹದಿನಾಲ್ಕು ವರ್ಷ ಗಾಯ ಕಟ್ಟಿದ ಕೈಗಳು ಇವು.
ಕೀವಾಡುವ ಬಾಯಿ ಹೊಲಿಯಬಾರದು, ಕೊಳವೆ ಬಿಡಬೇಕು,
ಇಳಿದದ್ದನ್ನು ಎಂಟು ಗಂಟೆಗೊಮ್ಮೆ ಅಳೆದು ಬರೆಯಬೇಕು.
ಕಳೆದ ತಿಂಗಳು, ಕಲಿಯಲು ಬಂದ ಹುಡುಗಿ
ಕೊಳವೆ ಮಡಚಿ ಪ್ಲಾಸ್ಟರು ಅಂಟಿಸಿದ್ದಕ್ಕೆ
ವಾರ್ಡಿಗೆ ವಾರ್ಡೇ ಕೇಳುವಂತೆ ಬೈದಿದ್ದೆ.

"ನಾನೇ" ಅಂದೆ.
"ಗೊತ್ತು. ಈ ಬಣ್ಣದ ಮೇಣ ಈ ಊರಲ್ಲಿ ನಾ ಕಂಡಿಲ್ಲ."

ಹಳೆಯ ಗ್ಯಾಸ್ಕೆಟ್ಟು ಹೆರೆಯುವುದು ನನ್ನ ಪಾಲಿಗೆ ಬಂತು.
ಬ್ಲೇಡು ಹಿಡಿದು ಒಂದು ತಾಸು; ಬೆರಳಾಡಿಸಿ ನೋಡಿ
"ಇನ್ನೂ" ಅಂದ, ಎರಡು ಸಲ.
ಅಡಿಲೇಡಿನಿಂದ ಬಸ್ಸು ಹತ್ತಿ ಬಂದ ಹೊಸ ಪಂಪು ಕೂರಿಸಿ
ಎದುರುಬದುರು ಬಿಗಿದೆವು, ಸ್ವಲ್ಪ ಸ್ವಲ್ಪ.
ನೀರು ತುಂಬಿ ಹೋಸು ಹಿಂಡಿದರೆ ಗುಳುಗುಳು ಗಾಳಿ.
ತೇಗು ನಿಂತಿತು. ಮುಳ್ಳು ನಡುವಿಗೆ ಬಂದು ಕೂತಿತು.

ದುಡ್ಡು ಮುಟ್ಟಲಿಲ್ಲ.
"ಆ ಮೇಣ ಉಳಿದಿದ್ದರೆ ಕೊಡು,
ಹಕ್ಕಿಗಳಿಗೆ ನೀರಿಡುವ ಬಾನಿ ಬಿರುಕು ಬಿಟ್ಟಿದೆ.
ಅದಕ್ಕೆ ಸರಿ ಅದು."